ಯಾರ ದುಡಿಮೆ, ಯಾರ ಕೈ: ಪಿಪ್ ನಿಜಕ್ಕೂ ಬೆಳೆದದ್ದು ಎಲ್ಲಿ?

ಪ್ರಶ್ನೆ: ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದಿ ಮುಗಿಸಿದೆ. ಕಮ್ಮಾರನ ಮನೆಯಲ್ಲಿ ಬೆಳೆದ ಹುಡುಗ ಪಿಪ್, ದುಡ್ಡು ಬಂದ ಕೂಡಲೇ ಸಾಕಿದವರನ್ನು ಮರೆಯುತ್ತಾನೆ, ದುಡ್ಡು ಹೋದ ಮೇಲೆ ಅವನಿಗೆ ಬುದ್ಧಿ ಬರುತ್ತದೆ. ಇದನ್ನು ವ್ಯಕ್ತಿತ್ವ ಅರಳುವ ಕಥೆ ಅಂತ ಯಾಕೆ ಹೊಗಳುತ್ತಾರೆ? ಬಡವ ಇದ್ದಲ್ಲೇ ಇರಬೇಕು ಅನ್ನುವುದೇ ಇದರ ಪಾಠ ಅನ್ನಿಸಿತು. ‘ಜೇನ್ ಏರ್’ನಲ್ಲೂ ಕೊನೆಗೆ ಯಾರದೋ ಆಸ್ತಿ ಬಂದೇ ಎಲ್ಲ ಸರಿಹೋಗುತ್ತದೆ. ನಾನು ಓದಿದ ರೀತಿ ತಪ್ಪೇ?

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಪಿಪ್ ಬೆಳೆದನೋ ಇಲ್ಲವೋ ಎಂದು ಅವನ ಜೇಬು ನೋಡಿ ತೀರ್ಮಾನಿಸಲು ಹೊರಟರೆ ದಾರಿ ತಪ್ಪುತ್ತದೆ. ಈ ಕಾದಂಬರಿಯಲ್ಲಿ ಬೆಳೆಯುವುದು ಎಂದರೆ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು: ನಾನು ಉಣ್ಣುತ್ತಿರುವುದು ಯಾರ ದುಡಿಮೆಯ ಅನ್ನ? ಪಿಪ್‌ಗೆ ಅದು ಗೊತ್ತಾಗಲು ಹೆಚ್ಚುಕಮ್ಮಿ ಇಡೀ 59 ಅಧ್ಯಾಯ ಬೇಕಾಗುತ್ತದೆ. ನಮಗೆ ಬೇಗ ತಿಳಿಯಬೇಕಾದರೆ ಎರಡು ಜಾಡು ಹಿಡಿದು ಹೋಗಬೇಕು. ಒಂದು ದುಡ್ಡಿನ ಲೆಕ್ಕ, ಇನ್ನೊಂದು ಕೈಗಳು.

ಲೆಕ್ಕದಿಂದ ಶುರು ಮಾಡೋಣ, ಏಕೆಂದರೆ ಹೆಚ್ಚಿನ ಓದುಗರು ಅಂಕಿ ಬಂದ ಕಡೆ ಕಣ್ಣು ಹಾರಿಸಿಬಿಡುತ್ತಾರೆ. ಆಗಿನ ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ಸ್. ಗಿನಿ ಎಂದರೆ 21 ಶಿಲಿಂಗ್. ಕೂಲಿ ಶಿಲಿಂಗಿನಲ್ಲಿ, ವಕೀಲರ ಮತ್ತು ವೈದ್ಯರ ಸಂಭಾವನೆ ಗಿನಿಯಲ್ಲಿ, ಹೀಗೆ ಲೆಕ್ಕದ ಮಾತಿನಲ್ಲೇ ಅಂತಸ್ತು ಕೂತಿರುತ್ತಿತ್ತು. ಒಂದು ಅಳತೆಗೋಲು ಬೇಕಲ್ಲ, ಅದಕ್ಕೆ ಜೇನ್ ಏರ್‌ಳ ಸಂಬಳವನ್ನೇ ಇಟ್ಟುಕೊಳ್ಳಿ. ಥಾರ್ನ್‌ಫೀಲ್ಡ್ ಮನೆಯಲ್ಲಿ ಪಾಠ ಹೇಳುವ ಅವಳಿಗೆ ಊಟ ವಸತಿಯ ಮೇಲೆ ವರ್ಷಕ್ಕೆ 30 ಪೌಂಡ್. ಓದಿದ, ಫ್ರೆಂಚ್ ಬಲ್ಲ ಹೆಣ್ಣುಮಗಳ ಒಂದು ವರ್ಷದ ಬೆಲೆ ಅದು.

ಈಗ ಪಿಪ್‌ನ ಅಂಕಿಗಳನ್ನು ನೋಡಿ. ಅವನನ್ನು ಅಕ್ಕನ ಗಂಡ, ಕಮ್ಮಾರ ಜೋನ ಕುಲುಮೆಯಲ್ಲಿ ಕೆಲಸ ಕಲಿಯಲು ಬಿಡುವಾಗ ಊರಿನ ಸಿರಿವಂತ ಒಂಟಿ ಹೆಂಗಸು ಮಿಸ್ ಹ್ಯಾವಿಶಮ್ ಕೊಡುವುದು 25 ಗಿನಿ, ಅಂದರೆ 26 ಪೌಂಡ್ 5 ಶಿಲಿಂಗ್. ಹೆಸರು ಮುಚ್ಚಿಟ್ಟ ಯಾರೋ ಪಿಪ್‌ಗೆ ಆಸ್ತಿ ಕೊಡುತ್ತಿದ್ದಾರೆ ಎಂಬ ಅದೃಷ್ಟದ ಸುದ್ದಿ ತಂದ ವಕೀಲ ಜಾಗರ್ಸ್ ಹೊಸ ಬಟ್ಟೆಗೆಂದೇ ಎಣಿಸಿ ಕೊಡುವುದು 20 ಗಿನಿ. ಒಂದು ಕಸುಬು ಕಲಿಯಲು ಬೇಕಾದ ಹಣಕ್ಕೂ ಜಂಟಲ್‌ಮನ್ ಥರ ಕಾಣಲು ಬೇಕಾದ ಮೊದಲ ಜೊತೆ ಬಟ್ಟೆಗೂ ನಡುವೆ ಇರುವ ವ್ಯತ್ಯಾಸ ಬರೀ 5 ಗಿನಿ! 21 ತುಂಬಿದ ದಿನ ಅವನ ಕೈಗೆ 500 ಪೌಂಡಿನ ನೋಟು ಬರುತ್ತದೆ, ಇನ್ನು ಮುಂದೆ ವರ್ಷಕ್ಕೆ ಅಷ್ಟೇ ಹಣ ಎಂಬ ಮಾತೂ ಬರುತ್ತದೆ. ಜೇನ್ ಅಷ್ಟು ಗಳಿಸಲು 16 ವರ್ಷ ದಾಟಿ ದುಡಿಯಬೇಕು. ಪಿಪ್ ಅದಕ್ಕಾಗಿ ಏನೂ ಮಾಡಿಲ್ಲ. ಮುಂದೆ ಏನು ಮಾಡಬೇಕು ಎಂದೂ ಯಾರೂ ಹೇಳುವುದಿಲ್ಲ. ಅವನಿಗೆ ಪಾಠ ಹೇಳಿಕೊಡುವ ಮ್ಯಾಥ್ಯೂ ಪಾಕೆಟ್‌ಗೆ ಸಿಕ್ಕ ಸೂಚನೆಯೇ, ಈ ಹುಡುಗನನ್ನು ಯಾವ ವೃತ್ತಿಗೂ ತಯಾರು ಮಾಡುವುದು ಬೇಡ ಎಂದು.

ಡಿಕನ್ಸ್ ಅಂಕಿಗಳನ್ನು ಸುಮ್ಮನೆ ಉದುರಿಸುವವನಲ್ಲ. 1824ರಲ್ಲಿ ಅವನ ತಂದೆ ಸಾಲಕ್ಕಾಗಿ ಮಾರ್ಷಲ್ಸೀ ಜೈಲು ಸೇರಿದಾಗ 12 ವರ್ಷದ ಈ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ, ವಾರಕ್ಕೆ ಆರು ಶಿಲಿಂಗಿಗೆ. ಆ ಸಂಗತಿಯನ್ನು ಬದುಕಿರುವವರೆಗೂ ಓದುಗರಿಗೆ ಹೇಳಲಿಲ್ಲ. ಸತ್ತ ಮೇಲೆ ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಅದು ಹೊರಬಿತ್ತು. ನಾಚಿಕೆಯ ಬೆಲೆ ಎಷ್ಟು ಎಂದು ಪೆನ್ಸ್ ಲೆಕ್ಕದಲ್ಲಿ ಬಲ್ಲವನು ಬರೆದ ಪುಸ್ತಕ ಇದು.

ಇನ್ನು ಕೈಗಳು. ಪಿಪ್‌ನನ್ನು ಸಾಕಿದ ಅಕ್ಕ, ನಾನು ಇವನನ್ನು ಕೈಯಲ್ಲೇ ಸಾಕಿದೆ ಎಂದು ಊರಿಗೆಲ್ಲ ಹೇಳಿಕೊಳ್ಳುತ್ತಾಳೆ. ಎದೆಹಾಲಿಲ್ಲದೆ ಉಣಿಸಿ ಬೆಳೆಸಿದೆ ಎಂಬುದು ಆ ನುಡಿಗಟ್ಟಿನ ಅರ್ಥ. ಹುಡುಗ ಅಂದುಕೊಳ್ಳುವುದು ಬೇರೆ: ಆ ಕೈ ಗಟ್ಟಿ, ಭಾರ, ನನ್ನ ಮೇಲೂ ಭಾವ ಜೋನ ಮೇಲೂ ಆಗಾಗ ಬೀಳುತ್ತದೆ, ನಮ್ಮಿಬ್ಬರನ್ನೂ ಕೈಯಲ್ಲೇ ಸಾಕಿರಬೇಕು. ಮೊದಲ ಪುಟಗಳ ಈ ನಗುವಿನ ಹಿಂದೆ ಇಡೀ ಕಾದಂಬರಿಯ ಬೀಜವಿದೆ.

ಎಂಟನೇ ಅಧ್ಯಾಯ ನಿಧಾನವಾಗಿ ಓದಬೇಕಾದದ್ದು. ಮಿಸ್ ಹ್ಯಾವಿಶಮ್‌ಳ ಕತ್ತಲ ಕೋಣೆಯಲ್ಲಿ ಅವಳ ಸಾಕುಮಗಳು ಎಸ್ಟೆಲ್ಲಾ ಪಿಪ್ ಜೊತೆ ಇಸ್ಪೀಟು ಆಡುತ್ತಾಳೆ. ಆಟದ ಹೆಸರೇ ‘ನೆರೆಯವನನ್ನು ಭಿಕಾರಿ ಮಾಡು’ ಎಂಬ ಅರ್ಥದ್ದು. ಒಂದು ಕೈ ಆಟ ಮುಗಿಯುವ ಮೊದಲೇ ಅವಳ ಬಾಯಿಂದ ಮೂರು ಮಾತು ಬರುತ್ತವೆ: ಗುಲಾಮನ ಎಲೆಗೆ ಈ ಹುಡುಗ ‘ಜ್ಯಾಕ್’ ಅನ್ನುತ್ತಾನೆ, ಇವನ ಕೈ ಎಷ್ಟು ಒರಟು, ಬೂಟು ಎಷ್ಟು ದಪ್ಪ. ಮಾತು, ಮೈ, ಉಡುಪು. ಒಬ್ಬನ ಅಂತಸ್ತನ್ನು ಅಳೆಯಲು ಆ ಸಮಾಜ ಬಳಸುತ್ತಿದ್ದ ಮೂರೂ ಅಳತೆಗಳು ಒಂದು ಸಣ್ಣ ಹುಡುಗಿಯ ಬಾಯಲ್ಲಿ ಬಂದುಹೋಗುತ್ತವೆ. ಆಮೇಲೆ ಪಿಪ್ ಅಂಗಳಕ್ಕೆ ಬಂದು ತನ್ನ ಕೈಗಳನ್ನು ನೋಡಿಕೊಳ್ಳುತ್ತಾನೆ. ಬೆಳಿಗ್ಗೆ ಇದ್ದ ಕೈಗಳೇ ಅವು, ಆದರೆ ಅಲ್ಲಿಯವರೆಗೆ ಅವನು ಅವನ್ನು ನೋಡಿಯೇ ಇರಲಿಲ್ಲ. ಅದಕ್ಕಿಂತ ನೋವಿನದು ಮುಂದಿನ ಯೋಚನೆ. ಎಲೆಯ ಹೆಸರನ್ನು ತಪ್ಪು ಹೇಳಿಕೊಟ್ಟವನು ಜೋ, ಜೋ ಇನ್ನಷ್ಟು ನಯವಾಗಿ ಬೆಳೆದಿದ್ದರೆ ತಾನೂ ಹಾಗಿರುತ್ತಿದ್ದೆ! ನಾಚಿಕೆ ಹುಟ್ಟಿದ ಗಳಿಗೆಯಲ್ಲೇ ಅದು ಪ್ರೀತಿಸುವವನ ಮೇಲೆ ತಿರುಗುತ್ತದೆ. ವರ್ಗ ಎಂಬುದು ಮನುಷ್ಯನ ಒಳಗೆ ಹೊಕ್ಕುವ ಬಗೆಯನ್ನು ಇಷ್ಟು ಚಿಕ್ಕ ಜಾಗದಲ್ಲಿ ತೋರಿಸಿದ ಇನ್ನೊಂದು ಪುಟ ಆ ಕಾಲದ ಕಾದಂಬರಿಗಳಲ್ಲಿ ಸಿಗುವುದು ಕಷ್ಟ.

ಇಲ್ಲಿ ನಮ್ಮ ಓದುಗರು ಸಾಮಾನ್ಯವಾಗಿ ಮಾಡುವ ಒಂದು ತಪ್ಪನ್ನು ಹೇಳಬೇಕು. ಕಮ್ಮಾರ ಎಂದ ಕೂಡಲೇ ನಾವು ಜಾತಿಯ ಏಣಿಯನ್ನು ತಂದು ನಿಲ್ಲಿಸುತ್ತೇವೆ. ಜೋ ಆ ಊರಿನ ಕೆಳತುದಿಯವನಲ್ಲ. ಕುಲುಮೆ ಅವನದೇ, ಅವನ ಕೈಕೆಳಗೆ ಕೂಲಿಗೆ ದುಡಿಯುವ ಆರ್ಲಿಕ್ ಇದ್ದಾನೆ. ಆ ವರ್ಗವ್ಯವಸ್ಥೆ ದುಡ್ಡಿಗೆ ಬಗ್ಗುತ್ತಿತ್ತು, ಅದೂ ವಿಚಿತ್ರ ನಿಯಮಗಳ ಪ್ರಕಾರ. ಮಿಸ್ ಹ್ಯಾವಿಶಮ್‌ಳ ತಂದೆ ಬಿಯರ್ ತಯಾರಿಸುತ್ತಿದ್ದವನು. ಪಿಪ್‌ನ ಗೆಳೆಯ ಹರ್ಬರ್ಟ್ ವಿವರಿಸುವಂತೆ, ಬ್ರೆಡ್ ಸುಡುವವನು ದೊಡ್ಡ ಮನುಷ್ಯ ಆಗಲಾರ, ಬಿಯರ್ ಕುದಿಸುವವನು ಧಾರಾಳವಾಗಿ ಆಗಬಹುದು. ಜಾತಿಗೆ ಹತ್ತಿರ ಬರುವುದು ಆ ಏಣಿಯಲ್ಲ, ಮುಟ್ಟಲು ಹೇಸುವ ಮನಸ್ಸು. ‘ಜೇನ್ ಏರ್’ ಬರೆದ ಷಾರ್ಲೆಟ್ ಬ್ರಾಂಟೆ 1847ರಲ್ಲಿ ಜಾತಿ ಎಂಬ ಪದವನ್ನೇ ಬಳಸಿದ್ದಾಳೆ. ಸೋದರಮಾವನ ಹೆಂಡತಿಯ ಮನೆಯ ಹಿಂಸೆಯಿಂದ ಬಿಡಿಸಿಕೊಂಡು ಬಡ ಬಂಧುಗಳ ಜೊತೆ ಇರುತ್ತೀಯಾ ಎಂದು ಕೇಳಿದಾಗ ಹತ್ತು ವರ್ಷದ ಜೇನ್ ಒಲ್ಲೆ ಅನ್ನುತ್ತಾಳೆ. ‘ಕಾಸ್ಟ್’ (caste, ಜಾತಿ) ತೆತ್ತು ಸ್ವಾತಂತ್ರ್ಯ ಕೊಳ್ಳುವಷ್ಟು ದೊಡ್ಡ ಧೈರ್ಯ ತನಗಿರಲಿಲ್ಲ ಎಂದು ದೊಡ್ಡವಳಾದ ಮೇಲೆ ಒಪ್ಪಿಕೊಳ್ಳುತ್ತಾಳೆ. ನಮ್ಮ ನೆಲದಿಂದ ಇಂಗ್ಲಿಷಿಗೆ ಹೋದ ಅರ್ಥದಲ್ಲೇ ಆ ಪದ ಅಲ್ಲಿ ಕೂತಿದೆ.

ಕನ್ನಡದ ಕಿವಿಗೆ ಮಾತ್ರ ಸುಲಭವಾಗಿ ಕೇಳಿಸುವ ಒಂದು ಸಂಗತಿ 27ನೇ ಅಧ್ಯಾಯದಲ್ಲಿದೆ. ಜೋ ಲಂಡನ್ನಿಗೆ, ಪಿಪ್ ಮತ್ತು ಹರ್ಬರ್ಟ್ ಇರುವ ಬರ್ನಾರ್ಡ್ಸ್ ಇನ್‌ಗೆ ಬರುತ್ತಾನೆ. ಮೈಗೆ ಒಗ್ಗದ ಹಬ್ಬದ ಬಟ್ಟೆ. ಹ್ಯಾಟು ಇಡಲು ಜಾಗ ತಿಳಿಯದೆ ಬೆಂಕಿಗೂಡಿನ ಮೇಲಿನ ಹಲಗೆಯ ಅಂಚಿನಲ್ಲಿ ಇಡುತ್ತಾನೆ, ಅದು ಬೀಳುತ್ತದೆ, ಹಿಡಿಯುತ್ತಾನೆ, ಮತ್ತೆ ಬೀಳುತ್ತದೆ. ಸಾಕಿದ ಹುಡುಗನನ್ನು ‘ಸರ್’ ಎನ್ನುತ್ತಾನೆ. ನಡುವೆ ಮರೆತು ‘ಪಿಪ್’ ಅನ್ನುತ್ತಾನೆ, ನೆನಪಾಗಿ ಮತ್ತೆ ‘ಸರ್’ಗೆ ಹೋಗುತ್ತಾನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’ ಇರುವುದರಿಂದ ಡಿಕನ್ಸ್ ಈ ಭಾರವನ್ನೆಲ್ಲ ಆ ಒಂದು ‘ಸರ್’ ಮೇಲೆ ಹೊರಿಸಬೇಕಾಯಿತು. ನೀವು ಇದನ್ನು ಕನ್ನಡದಲ್ಲಿ ಮನಸ್ಸಿಗೆ ತಂದುಕೊಳ್ಳಿ. ಎತ್ತಿ ಆಡಿಸಿದ ಭಾವ ಎದುರಿಗೆ ಕೂತು ‘ಬನ್ನಿ, ಹೋಗಿ’ ಎಂದು ಬಹುವಚನದಲ್ಲಿ ಮಾತಾಡುತ್ತಾನೆ, ಆಗಾಗ ನಾಲಗೆ ಜಾರಿ ‘ಬಾರೋ’ ಬಂದುಬಿಡುತ್ತದೆ. ಹೊಟ್ಟೆಯಲ್ಲಿ ಏನಾಗುತ್ತದೆ? ಪಿಪ್‌ಗೆ ಆಗುವುದು ಸಿಟ್ಟು. ತಾನು ಸಲೀಸಾಗಿದ್ದರೆ ಜೋ ಕೂಡ ಸಲೀಸಾಗಿರುತ್ತಿದ್ದ ಎಂದು ಅವನಿಗೆ ಹೊಳೆಯುವುದು ತುಂಬಾ ತಡವಾಗಿ. ಹೊರಡುವಾಗ ಜೋ ತನ್ನ ಕುಲುಮೆಯ ಭಾಷೆಯಲ್ಲಿ ಹೇಳುತ್ತಾನೆ: ಬದುಕು ಅಂದರೆ ಬೆಸುಗೆ ಹಾಕಿದ ಅಗಲಿಕೆಗಳು, ಒಬ್ಬ ಕಬ್ಬಿಣದವನು, ಒಬ್ಬ ತವರದವನು, ಒಬ್ಬ ಚಿನ್ನದವನು, ಒಬ್ಬ ತಾಮ್ರದವನು.

ಪಿಪ್ ಕೃತಘ್ನ ಎಂದಿದ್ದೀರಿ. ಹೌದು. ಆದರೆ ಅದನ್ನು ನಮಗೆ ಹೇಳಿದವರು ಯಾರು? ಪಿಪ್ ಒಬ್ಬನೇ. ಜೋ ದೂರು ಹೇಳುವುದಿಲ್ಲ. ಪುಸ್ತಕದಲ್ಲಿ ಇಬ್ಬರು ಪಿಪ್ ಇದ್ದಾರೆ, ತಪ್ಪು ಮಾಡುವ ಹುಡುಗ ಒಬ್ಬ, ವರ್ಷಗಳ ಮೇಲೆ ಕೂತು ಒಂದನ್ನೂ ಮುಚ್ಚಿಡದೆ ಬರೆಯುವವನು ಇನ್ನೊಬ್ಬ. ಬೆಳವಣಿಗೆ ಎಲ್ಲಿ ಎಂದು ಹುಡುಕುವವರು ಕಥೆಯ ಘಟನೆಗಳಲ್ಲಿ ಮಾತ್ರ ಹುಡುಕುತ್ತಾರೆ. ಹೇಳುವ ದನಿಯೇ ಅದರ ಮೊದಲ ಸಾಕ್ಷಿ.

39ನೇ ಅಧ್ಯಾಯದಲ್ಲಿ ಲೆಕ್ಕ ಮತ್ತು ಕೈ ಎರಡೂ ಒಂದಾಗುತ್ತವೆ. ಪಿಪ್‌ಗೆ 23 ವರ್ಷ. ಮಳೆಗಾಳಿಯ ರಾತ್ರಿ ಮೆಟ್ಟಿಲು ಹತ್ತಿ ಬಂದವನು ಮ್ಯಾಗ್ವಿಚ್, ಬಾಲ್ಯದಲ್ಲಿ ಪಿಪ್ ಹೆದರಿ ಊಟ ಮತ್ತು ಅರ ತಂದುಕೊಟ್ಟ ಕೈದಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಕುರಿ ಸಾಕಿ ಕೂಡಿಟ್ಟ ದುಡ್ಡೆಲ್ಲ ಈ ಹುಡುಗನಿಗೆ ಕಳಿಸಿದವನು ಅವನೇ. ಅವನು ಪಿಪ್‌ನ ಚಿನ್ನದ ಗಡಿಯಾರ ತೆಗೆದು ನೋಡುತ್ತಾನೆ, ಬೆರಳಿನ ಉಂಗುರ ನೋಡುತ್ತಾನೆ, ಬಟ್ಟೆ ನೋಡುತ್ತಾನೆ, ಕಪಾಟಿನ ಪುಸ್ತಕ ನೋಡಿ, ಓದಿ ಹೇಳು, ನನಗೆ ತಿಳಿಯದ ಭಾಷೆಯಲ್ಲಿದ್ದರೂ ಹೆಮ್ಮೆಯೇ ಅನ್ನುತ್ತಾನೆ. ಸಂತೆಯಲ್ಲಿ ಹೋರಿ ನೋಡಿದ ಹಾಗೆ. ಅಲ್ಲಿ ಕುದುರೆ ಮೇಲೆ ಹೋಗುವ ಸಾಹುಕಾರರು ನನ್ನ ಮೇಲೆ ಧೂಳೆಬ್ಬಿಸುವಾಗ, ನಾನು ಜಂಟಲ್‌ಮನ್ ಅಲ್ಲದಿದ್ದರೇನು, ಒಬ್ಬ ಜಂಟಲ್‌ಮನ್ನಿನ ಒಡೆಯ ಎಂದುಕೊಳ್ಳುತ್ತಿದ್ದೆ ಎಂಬುದು ಅವನ ಮಾತು. ಅವನು ಕೈ ಹಿಡಿದುಕೊಂಡಾಗ ಪಿಪ್‌ನ ಮೈ ತಣ್ಣಗಾಗುತ್ತದೆ. ಎಸ್ಟೆಲ್ಲಾ ತನ್ನ ಕೈ ನೋಡಿದ ಕಣ್ಣಿನಿಂದಲೇ ಪಿಪ್ ಈಗ ಈ ಕೈಯನ್ನು ನೋಡುತ್ತಾನೆ. ಆ ಎಸ್ಟೆಲ್ಲಾ ಇದೇ ಮ್ಯಾಗ್ವಿಚ್‌ನ ಮಗಳು ಎಂಬುದು ಇಬ್ಬರಿಗೂ ಗೊತ್ತಿಲ್ಲ. ತಾಯಿಯ ಹೆಸರು ಮಾಲಿ, ಕೊಲೆ ಆರೋಪದಿಂದ ಪಾರಾಗಿ ಜಾಗರ್ಸ್ ಮನೆಯಲ್ಲಿ ಕೆಲಸಕ್ಕಿರುವವಳು. ಊಟಕ್ಕೆ ಬಂದವರ ಎದುರು ಜಾಗರ್ಸ್ ಅವಳ ಮಣಿಕಟ್ಟು ಹಿಡಿದು, ಗಾಯದ ಗುರುತು ತೋರಿಸಿ, ಎಂಥ ಬಲದ ಕೈ ನೋಡಿ ಎಂದಿದ್ದ. ಪಿಪ್ ನಾಚಿಕೆಪಟ್ಟದ್ದು ಈ ದಂಪತಿಯ ಮಗಳ ಮಾತಿಗೆ. ಹುಟ್ಟಿನಿಂದ ಯಾರೂ ‘ಲೇಡಿ’ ಅಲ್ಲ, ಯಾರದೋ ಮನೆಯಲ್ಲಿ ತಯಾರಾಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ನ್ಯಾಯಾಲಯವೂ ಆ ತಯಾರಿಯನ್ನೇ ನೋಡಿ ಶಿಕ್ಷೆ ಕೊಡುತ್ತದೆ. 42ನೇ ಅಧ್ಯಾಯದಲ್ಲಿ ಮ್ಯಾಗ್ವಿಚ್ ಹೇಳುವಂತೆ, ಒಂದೇ ಮೋಸದ ಪ್ರಕರಣದಲ್ಲಿ ಓದುಬರಹ ಬಲ್ಲ, ಗುಂಗುರು ಕೂದಲಿನ, ಬಿಳಿ ಕರವಸ್ತ್ರದ ಕಾಂಪಿಸನ್‌ಗೆ ಏಳು ವರ್ಷ, ಅವನು ಹೇಳಿದಂತೆ ಮಾಡಿದ ಮ್ಯಾಗ್ವಿಚ್‌ಗೆ 14.

ಪಿಪ್ ಬೆಳೆದ ಗಳಿಗೆ ಯಾವುದು ಎಂದು ಬೆರಳಿಟ್ಟು ತೋರಿಸಬೇಕಾದರೆ ನಾನು 54ನೇ ಅಧ್ಯಾಯ ತೋರಿಸುತ್ತೇನೆ. ಥೇಮ್ಸ್ ನದಿಯಲ್ಲಿ ಮ್ಯಾಗ್ವಿಚ್‌ನನ್ನು ಗುಟ್ಟಾಗಿ ದೇಶ ದಾಟಿಸುವ ಪ್ರಯತ್ನ ಮುರಿದುಬಿದ್ದಿದೆ. ಗಾಯಗೊಂಡು, ಸಂಕೋಲೆ ತೊಟ್ಟವನ ಪಕ್ಕ ದೋಣಿಯಲ್ಲಿ ಪಿಪ್ ಕೂರುತ್ತಾನೆ, ಅವನ ಕೈ ಹಿಡಿದುಕೊಳ್ಳುತ್ತಾನೆ. ಹೇಸಿಗೆ ಕರಗಿಹೋಗಿದೆ. ತಾನು ಜೋಗೆ ನಡೆದುಕೊಂಡದ್ದಕ್ಕಿಂತ ಈ ಮನುಷ್ಯ ತನಗೆ ಎಷ್ಟೋ ಚೆನ್ನಾಗಿ ನಡೆದುಕೊಂಡ ಎಂದು ಅವನಿಗೆ ಕಾಣುತ್ತದೆ. ಇದೂ ಗಮನಿಸಿ: ಆ ಕ್ಷಣದಲ್ಲಿ ಪಿಪ್‌ಗೆ ಸಿಗುವುದು ಏನೂ ಇಲ್ಲ. ಕೈದಿಯ ಆಸ್ತಿ ರಾಜ್ಯಕ್ಕೆ ಮುಟ್ಟುಗೋಲಾಗುತ್ತದೆ, ಅಂದಿನ ಕಾನೂನೇ ಹಾಗಿತ್ತು. ದುಡ್ಡು ಹೋದ ಮೇಲೆ ಬುದ್ಧಿ ಬಂತು ಎನ್ನುವುದು ಪೂರ್ತಿ ಸರಿಯಲ್ಲ. ಮೂಲ ಗೊತ್ತಾದ ದಿನದಿಂದಲೇ ಪಿಪ್ ಆ ದುಡ್ಡು ಮುಟ್ಟುವುದನ್ನು ನಿಲ್ಲಿಸುತ್ತಾನೆ. ಆ ದಿನ ಅದಕ್ಕೆ ಕಾರಣ ಹೇಸಿಗೆ, ಪ್ರೀತಿ ಬಂದದ್ದು ಆಮೇಲೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಇದ್ದಲ್ಲೇ ಇರು ಎಂಬ ಪಾಠವೇ? ಹಾಗಿದ್ದರೆ ಪಿಪ್ ಕುಲುಮೆಗೆ ಮರಳಿ, ಬಾಲ್ಯದ ಗೆಳತಿ ಬಿಡ್ಡಿಯನ್ನು ಮದುವೆಯಾಗಿ ಕಥೆ ಮುಗಿಯಬೇಕಿತ್ತು. ಪಿಪ್ ಆ ಆಸೆ ಹೊತ್ತೇ ಊರಿಗೆ ಹೋಗುತ್ತಾನೆ. ಆ ಹೊತ್ತಿಗೆ ಅಕ್ಕ ತೀರಿಹೋಗಿದ್ದಾಳೆ, ಅಂದೇ ಬಿಡ್ಡಿ ಮತ್ತು ಜೋನ ಮದುವೆ. ಮರಳುವ ಬಾಗಿಲನ್ನು ಡಿಕನ್ಸ್ ಮುಚ್ಚಿಬಿಡುತ್ತಾನೆ. ಪಿಪ್ ಕೈರೋಗೆ ಹೋಗಿ ಕ್ಲಾರಿಕರ್ ಕಂಪನಿಯಲ್ಲಿ ಗುಮಾಸ್ತನಾಗಿ, ದುಡಿದು, ಮೂರನೇ ಪಾಲುದಾರನಾಗುತ್ತಾನೆ. ಈ ಕೆಲಸ ಬಂದದ್ದು ಎಲ್ಲಿಂದ? 21ನೇ ಹುಟ್ಟುಹಬ್ಬದ 500 ಪೌಂಡಿನಲ್ಲಿ ಅರ್ಧ ತೆಗೆದು, ಹರ್ಬರ್ಟ್‌ಗೆ ತಿಳಿಯದಂತೆ, ಆ ಕಂಪನಿಯಲ್ಲಿ ಅವನಿಗೆ ಜಾಗ ಕೊಡಿಸಿದ್ದ. ಉಳಿದ ಕಂತಿಗೆ ಮಿಸ್ ಹ್ಯಾವಿಶಮ್‌ಳಿಂದ 900 ಪೌಂಡ್ ಕೇಳಿ ಪಡೆದದ್ದೂ ಹರ್ಬರ್ಟ್‌ಗಾಗಿ, ತನಗೆ ಒಂದು ಪೆನ್ನಿಯನ್ನೂ ಕೇಳಲಿಲ್ಲ. ಬಂದ ಸಂಪತ್ತಿನಲ್ಲಿ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು, ಅದೇ ಅವನನ್ನು ಹಿಡಿದೆತ್ತುತ್ತದೆ. ಆ ಮೊದಲ 250 ಪೌಂಡ್ ಮ್ಯಾಗ್ವಿಚ್‌ನ ಕುರಿಗಳ ದುಡ್ಡೇ ಆಗಿತ್ತು ಎಂಬುದನ್ನು ಮರೆಯಬೇಡಿ. ಸ್ವಂತ ದುಡಿಮೆ ಎಂದು ನಾವು ಕರೆಯುವುದರ ಅಡಿಪಾಯದಲ್ಲೂ ಇನ್ನೊಬ್ಬರ ಕೈ ಇದೆ. ಈ ಕಾದಂಬರಿಗಿಂತ ಸ್ವಲ್ಪವೇ ಮುಂಚೆ, 1859ರಲ್ಲಿ, ಸ್ಯಾಮ್ಯುಯೆಲ್ ಸ್ಮೈಲ್ಸ್‌ನ ‘ಸೆಲ್ಫ್ ಹೆಲ್ಪ್’ ಬಂದಿತ್ತು, ಸ್ವಪ್ರಯತ್ನದಿಂದ ಮೇಲೆ ಬಂದವರ ಕಥೆಗಳ ಪುಸ್ತಕ. ಅದರ ಪಕ್ಕದಲ್ಲಿಟ್ಟು ಓದಿದರೆ ಡಿಕನ್ಸ್ ಹೇಳುತ್ತಿರುವುದು ಎಷ್ಟು ಬೇರೆ ಎಂದು ಕಾಣುತ್ತದೆ.

ಆದರೆ ಒಂದು ಕಡೆ ನಿಮ್ಮ ಆಕ್ಷೇಪ ನಿಲ್ಲುತ್ತದೆ. ಈ ಬಟ್ಟೆಯಲ್ಲಿ ನಾನು ತಪ್ಪಾಗಿ ಕಾಣುತ್ತೇನೆ, ನನ್ನನ್ನು ಕುಲುಮೆಯಲ್ಲಿ ಬಂದು ನೋಡು ಎಂದು ಜೋ ಹೇಳುವಾಗ ಕಾದಂಬರಿ ಅದನ್ನು ಪೂರ್ತಿ ಒಪ್ಪಿಕೊಂಡುಬಿಡುತ್ತದೆ. ಜೋಗೆ ತನ್ನದೆಂಬ ಆಸೆ, ಅಸಮಾಧಾನ ಯಾವುದೂ ಇಲ್ಲ. ಒಳ್ಳೆಯ ಕೆಲಸಗಾರ ಎಂದರೆ ತನ್ನ ಜಾಗ ಬಲ್ಲವನು ಎಂಬ ಮಧ್ಯಮವರ್ಗದ ನೆಮ್ಮದಿ ಅಲ್ಲಿದೆ. ಅಸಮಾಧಾನ ಇರುವ ಕೆಲಸಗಾರ ಆರ್ಲಿಕ್, ಅವನನ್ನು ಕೊಲೆಗಡುಕನನ್ನಾಗಿ ಮಾಡಿಬಿಟ್ಟಿದ್ದಾನೆ ಡಿಕನ್ಸ್. ಆಸೆ ಇರುವ ಕೆಲಸಗಾರನಿಗೆ ಏನಾಗುತ್ತದೆ ಎಂದು ತಿಳಿಯಲು 1895ರ ‘ಜೂಡ್ ದಿ ಅಬ್‌ಸ್ಕ್ಯೂರ್’ ಓದಬೇಕು. ಲ್ಯಾಟಿನ್, ಗ್ರೀಕ್ ತಾನೇ ಕಲಿತ ಕಲ್ಲುಕುಟಿಗ ಜೂಡ್ ಕಾಲೇಜಿನ ಮುಖ್ಯಸ್ಥರಿಗೆ ಬರೆದಾಗ, ನಿನ್ನ ಕಸುಬಿನಲ್ಲೇ ಇರು ಎಂದು ಒಬ್ಬರಿಂದ ಉತ್ತರ ಬರುತ್ತದೆ. ಥಾಮಸ್ ಹಾರ್ಡಿ ಆ ಉತ್ತರವನ್ನು ಅನ್ಯಾಯ ಎಂದೇ ತೋರಿಸುತ್ತಾನೆ.

‘ಜೇನ್ ಏರ್’ ಬಗ್ಗೆ. ಆಸ್ತಿ 20,000 ಪೌಂಡ್, ಮದೀರಾದಲ್ಲಿದ್ದ ತಂದೆಯ ಸೋದರನದು. ಆದರೆ ಅದು ಬರುವ ಮುಂಚೆಯೇ ಜೇನ್ ತನ್ನ ಪರೀಕ್ಷೆ ಮುಗಿಸಿದ್ದಾಳೆ. ಮದುವೆಗೆ ಮುಂಚೆ ಥಾರ್ನ್‌ಫೀಲ್ಡ್‌ನ ಒಡೆಯ ರಾಚೆಸ್ಟರ್ ರೇಷ್ಮೆ, ಒಡವೆ ಕೊಡಿಸುತ್ತಾ ಹೋದಂತೆ ಅವಳ ಕೆನ್ನೆ ಅವಮಾನದಿಂದ ಸುಡುತ್ತದೆ. ಅವನನ್ನು ಬಿಟ್ಟು ಹೊರಟಾಗ ಕೈಯಲ್ಲಿದ್ದ 20 ಶಿಲಿಂಗ್ ಗಾಡಿ ಬಾಡಿಗೆಗೆ ಹೋಗುತ್ತದೆ, ಗಂಟು ಗಾಡಿಯಲ್ಲೇ ಉಳಿಯುತ್ತದೆ. ಕೈಗವಸು, ಕರವಸ್ತ್ರ ಕೊಟ್ಟು ಬ್ರೆಡ್ ಕೇಳುತ್ತಾಳೆ, ಸಿಗುವುದಿಲ್ಲ. ಹಂದಿಗೆ ಹಾಕಲು ಹೊರಟಿದ್ದ ತಣ್ಣನೆ ಗಂಜಿ ಬೇಡಿ ತಿನ್ನುತ್ತಾಳೆ. ಬಡವರ ಜೊತೆ ಇರಲು ಒಲ್ಲೆ ಎಂದಿದ್ದ ಮಗು ಅಲ್ಲಿಗೆ ತಲುಪಿದೆ. ಆಮೇಲೆ ಬಂದ ಹಣವನ್ನು ತನ್ನನ್ನು ಕಾಪಾಡಿದ ಮೂವರು ಬಂಧುಗಳ ಜೊತೆ ನಾಲ್ಕು ಪಾಲು ಮಾಡಿ 5,000 ಮಾತ್ರ ಇಟ್ಟುಕೊಳ್ಳುತ್ತಾಳೆ. ಬ್ರಾಂಟೆ ಕೇಳದೆ ಬಿಟ್ಟ ಪ್ರಶ್ನೆ ಬೇರೆ: ಮದೀರಾದ ಹಣ ಯಾರ ದುಡಿಮೆಯದು, ಮೊದಲ ಹೆಂಡತಿ ಬರ್ಥಾಳ ಜೊತೆ ಜಮೈಕಾದಿಂದ ರಾಚೆಸ್ಟರ್‌ಗೆ ಬಂದ 30,000 ಯಾರ ಬೆವರು? 13 ವರ್ಷದ ನಂತರ ಡಿಕನ್ಸ್ ಬರೆಯಲು ಕೂತಾಗ ಅದನ್ನೇ ಕಥೆಯ ನಡುಗಂಬ ಮಾಡಿದ.

ಮತ್ತೊಮ್ಮೆ ಓದುವ ಮನಸ್ಸಿದ್ದರೆ ಪೂರ್ತಿ ಓದಬೇಕಿಲ್ಲ. 7, 27, 57 ಈ ಮೂರು ಅಧ್ಯಾಯಗಳನ್ನು ಒಂದೇ ಕೂತಿನಲ್ಲಿ ಓದಿ. ಏಳರಲ್ಲಿ ಪುಟ್ಟ ಪಿಪ್ ಸ್ಲೇಟಿನ ಮೇಲೆ ಜೋಗೆ ಪತ್ರ ಬರೆಯುತ್ತಾನೆ. ಜೋಗೆ ಅದರಲ್ಲಿ ಓದಲು ಬರುವುದು ತನ್ನ ಹೆಸರಿನ ಜೆ ಮತ್ತು ಒ, ಎರಡೇ ಅಕ್ಷರ. 57ರಲ್ಲಿ ಪಿಪ್ ಸಾಲಕ್ಕಾಗಿ ಬಂಧನಕ್ಕೆ ಒಳಗಾಗುವ ಹೊತ್ತಿಗೆ ಜ್ವರದಿಂದ ಬಿದ್ದಿದ್ದಾನೆ. ಒಡವೆ ಅಂಗಡಿಯ ಬಾಕಿ 123 ಪೌಂಡ್ 15 ಶಿಲಿಂಗ್ 6 ಪೆನ್ಸ್, ಜೇನ್‌ಳ ನಾಲ್ಕು ವರ್ಷದ ಸಂಬಳಕ್ಕೂ ಹೆಚ್ಚು. ಜೋ ಬಂದು ವಾರಗಟ್ಟಲೆ ಆರೈಕೆ ಮಾಡುತ್ತಾನೆ. ಪಿಪ್ ಚೇತರಿಸಿಕೊಂಡಷ್ಟೂ ಜೋ ದೂರವಾಗುತ್ತಾನೆ, ‘ಸರ್’ ಮೆಲ್ಲಗೆ ಮರಳಿ ಬರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಅವನಿಲ್ಲ. ಮೇಜಿನ ಮೇಲೆ ಸಾಲ ತೀರಿದ ರಸೀದಿ, ಜೊತೆಗೊಂದು ಚೀಟಿ, ಬಿಡ್ಡಿ ಅಕ್ಷರ ಕಲಿಸಿದ ಮೇಲೆ ಜೋ ತಾನೇ ಬರೆದದ್ದು. ಅದರ ನಡುವೆ ‘ಡಿಯರ್ ಪಿಪ್’ ಬಂದುಬಿಡುತ್ತದೆ. ಕೆಳಗೆ ಹೆಸರು, ಸ್ಲೇಟಿನ ಮೇಲೆ ಅಂದು ಅವನಿಗೆ ಓದಲು ಬಂದಿದ್ದ ಅವೇ ಎರಡು ಅಕ್ಷರ.